ವ್ಯಾಲ್ಯೂ ಹೊಕ್ಕ ಮನೆ

ನಮ್ಮ ಮನೆಗೆ ಇಂಗ್ಲಿಷ್ ಅಂತ ಬಂದದ್ದು ಒಂದೇ ಒಂದು ಪದ, ಅದೂ ಶೇಂಗಾದ ಧೂಳಿನ ಜೊತೆಯಲ್ಲಿ. ಅಪ್ಪ ಚಳ್ಳಕೆರೆಯ ಮಂಡಿಯೊಂದರಲ್ಲಿ ಹಮಾಲಿ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದವನು ದೀಪ ಹಚ್ಚುವ ಹೊತ್ತಿಗೆ ಬಂದು, ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂತು ತಲೆಯ ಟವೆಲ್ಲು ಕೊಡವಿದರೆ ಸಿಪ್ಪೆಯ ಪುಡಿ ಉದುರುತ್ತಿತ್ತು. ಒಂದು ಸಂಜೆ ಅದರೊಟ್ಟಿಗೆ ಈ ಪದವೂ ಉದುರಿತು. ಮಂಡಿಯಲ್ಲಿ ದಲ್ಲಾಳಿ ಒಂದು ಕಾಯಿ ಒಡೆದು, ಬೀಜವನ್ನು ಅಂಗೈಯಲ್ಲಿ ಉರುಳಿಸಿ, ‘ವ್ಯಾಲ್ಯೂ ಇಲ್ಲ’ ಎಂದರೆ ಸಾಕಂತೆ, ಎದುರಿಗಿದ್ದವನ ಬಾಯಿ ಮುಚ್ಚಿಹೋಗುತ್ತಿತ್ತಂತೆ. ಆ ಗತ್ತು ಅಪ್ಪನಿಗೆ ಹಿಡಿಸಿಬಿಟ್ಟಿತು. ಅಂದಿನಿಂದ ಸಾರಿಗೆ ಉಪ್ಪು ಕಡಿಮೆಯಾದರೆ ಸಾರಿಗೆ ವ್ಯಾಲ್ಯೂ ಇಲ್ಲ. ಬಸ್ಸು ತಡವಾದರೆ ಟೈಮಿಗೆ ವ್ಯಾಲ್ಯೂ ಇಲ್ಲ. ಹೊಸ ಚಾಪೆ, ಹಳೆ ಚಪ್ಪಲಿ, ನೆಂಟರ ಮಾತು, ಪಕ್ಕದ ಹಟ್ಟಿಯ ಹೋರಿ, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಅಪ್ಪ ವ್ಯಾಲ್ಯೂ ಕಟ್ಟುತ್ತಾ ಹೋದ. ತನ್ನ ಸರದಿ ಬಂದಾಗ ಮಾತ್ರ ದನಿ ಏರುತ್ತಿತ್ತು.

“ಈ ಮನೇಲಿ ನನ್ ಮಾತಿಗೆ ವ್ಯಾಲ್ಯೂ ಐತಾ, ಇಲ್ವಾ?”

“ಐತೆ ಐತೆ, ಮುದ್ದೆ ಆರ್ತೈತೆ, ಉಣ್ಣು ಬಾ,” ಎನ್ನುತ್ತಿದ್ದಳು ಅವ್ವ.

ಪದ ಒಳಗೆ ಬಂದ ಮೇಲೆ ಒಬ್ಬರ ಬಾಯಲ್ಲೇ ಇರುತ್ತದೆಯೇ? ಅವ್ವ ಅದನ್ನು ಮರ್ಯಾದೆಗೆ ಬಳಸಿದಳು. ಈ ಮನೆಯಲ್ಲಿ ಸೊಸೆಗೊಂದು ವ್ಯಾಲ್ಯೂ, ಅತ್ತೆಗೊಂದು ವ್ಯಾಲ್ಯೂ ಎಂದು ಒಲೆಯ ಮುಂದೆ ಕೂತು ಒಲೆಗೇ ಹೇಳುತ್ತಿದ್ದಳು. ಅಪ್ಪನ ತಾಯಿ, ನಮ್ಮಜ್ಜಿ, ಅದನ್ನು ‘ವ್ಯಾಲಿ’ ಮಾಡಿಕೊಂಡು ಕಸುವಿಗೆ ಬಳಸಿದಳು. ಈ ಗುಳಿಗೆಗೆ ವ್ಯಾಲಿ ಇಲ್ಲ, ನುಂಗಿದರೂ ಮಂಡಿ ನೋವು ಹಂಗೇ ಐತೆ ಎನ್ನುವಳು. ಮುಂದೆ ದೊಡ್ಡ ಶಾಲೆಗೆ ಹೋದಾಗ ಲೆಕ್ಕದ ಮೇಷ್ಟ್ರು ಎಕ್ಸ್‌ನ ವ್ಯಾಲ್ಯೂ ಕಂಡುಹಿಡಿಯಿರಿ ಎಂದರು, ನಾನು ತಪ್ಪಿಸಿಕೊಂಡ ಆಡನ್ನು ಹುಡುಕುವವಳ ಹಾಗೆ ಹುಡುಕಿದೆ. ನಮ್ಮಲ್ಲಿ ಪದಗಳಿಗೆ ಬರವಿತ್ತೆಂದಲ್ಲ. ಬೆಲೆ ಇತ್ತು, ಸಂತೆಯ ಸಾಬರ ಕಿಮ್ಮತ್ತು ಇತ್ತು, ಮರ್ಯಾದೆ ಇತ್ತು, ಕಸುವು ಇತ್ತು, ಓದಿದವರಿಗೆ ಮೌಲ್ಯವೂ ಇತ್ತು. ಒಂದೊಂದು ಒಂದೊಂದು ಕೆಲಸ ನೋಡಿಕೊಂಡಿತ್ತು. ಈ ಪದ ಬಂದು ಎಲ್ಲರ ಕೆಲಸಕ್ಕೂ ತಾನೇ ಕೈಹಾಕಿತು. ಸಂತೆಯಲ್ಲಿ ಆಡಬೇಕಾದ ಮಾತನ್ನು ಊಟದ ಹೊತ್ತಿನಲ್ಲಿ, ಮಕ್ಕಳ ಎದುರಿನಲ್ಲಿ ಆಡುವುದಕ್ಕೆ ನಮ್ಮವರಿಗೆ ಧೈರ್ಯ ಕೊಟ್ಟಿದ್ದು ಅದೇ ಎಂದು ನನಗೆ ಇವತ್ತಿಗೂ ಅದರ ಮೇಲೆ ಸಿಟ್ಟಿದೆ. ಈಗ ನಾನಿರುವ ಚಳ್ಳಕೆರೆಯಲ್ಲಿ ಕುದಾಪುರದ ಕಡೆ ಬಂದ ದೊಡ್ಡ ವಿಜ್ಞಾನ ಸಂಸ್ಥೆಗಳ ಕ್ಯಾಂಪಸ್ಸುಗಳ ಹೆಸರು ಹೇಳಿಕೊಂಡು ಕಂಡಕಂಡ ಬಯಲಿಗೆಲ್ಲ ವ್ಯಾಲ್ಯೂ ಹೇಳುತ್ತಾರೆ. ಟೀ ಅಂಗಡಿಯಲ್ಲಿ ಆ ಮಾತು ಕಿವಿಗೆ ಬಿದ್ದರೆ ಅರ್ಧ ಲೋಟ ಅಲ್ಲೇ ಬಿಟ್ಟು ಎದ್ದುಬಿಡುತ್ತೇನೆ.

ಎದ್ದುಬಿಡುವುದು ನನ್ನ ರೋಗ. ಕಾಲಲ್ಲಿ ಚಕ್ರ ಇದೆ ಎಂದು ನನ್ನ ಮಗಳು ಆಡಿಕೊಳ್ಳುತ್ತಾಳೆ. ನರ್ಸಾಗಿ ತಳಕಿನಿಂದ ಮೊಳಕಾಲ್ಮೂರಿನವರೆಗೆ ವರ್ಗವಾದ ಕಡೆಯೆಲ್ಲ ನನ್ನನ್ನು ಬಲ್ಲವರು ಹೇಳುವುದು ಒಂದೇ: ಓಬಕ್ಕ ಕೂತದ್ದನ್ನು ನೋಡಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂರುವ ಬದಲು ಬಡಿಸಲು ನಿಲ್ಲುತ್ತೇನೆ. ಹೊಗಳುವವರು ಹೊಗಳಲಿ, ಅದು ಚುರುಕುತನವಲ್ಲ, ಹೆದರಿಕೆ. ಅದು ಎಲ್ಲಿ ಶುರುವಾಯಿತು ಎಂಬುದನ್ನು ಹೇಳುತ್ತೇನೆ.

ನನ್ನಿವಾಳ ದಾಟಿದರೆ ಸಿಗುವ ಹಟ್ಟಿ ನಮ್ಮದು. ಮಣ್ಣಿನ ಮಾಳಿಗೆಯ ಮನೆ. ಒಂದೇ ಬಾಗಿಲಿಂದ ನಾವೂ ದನಗಳೂ ಒಳಗೆ ಬರಬೇಕು. ಬಂದ ಮೇಲೆ ದನ ಎಡಕ್ಕೆ, ತಗ್ಗಿನ ಕೊಟ್ಟಿಗೆಗೆ, ನಾವು ಬಲಕ್ಕೆ, ಮೆಟ್ಟಿಲು ಹತ್ತಿ ನಡುಮನೆಗೆ. ನಡುವೆ ಗೋಡೆಯಿಲ್ಲ. ನಾವು ಉಣ್ಣುವುದನ್ನು ಹಸು ನೋಡುತ್ತಿತ್ತು, ಹಸು ಮೆಲುಕು ಹಾಕುವುದನ್ನು ಕೇಳುತ್ತಾ ನಾವು ನಿದ್ದೆ ಹೋಗುತ್ತಿದ್ದೆವು. ಕೋಳಿ ಮಾತ್ರ ನಮ್ಮ ಕುಲಕ್ಕೆ ಆಗದು, ಅದಕ್ಕೆ ಮನೆಯೊಳಗೆ ಪ್ರವೇಶವಿಲ್ಲ. ನೆರೆಹಟ್ಟಿಯ ಹುಂಜವೇನಾದರೂ ಹೊಸಿಲು ದಾಟಿದರೆ ಅಜ್ಜಿ ಮನೆಗೆಲ್ಲ ನೀರು ಚಿಮುಕಿಸಿ, ಹುಂಜದ ಒಡೆಯನ ಏಳು ತಲೆಮಾರನ್ನೂ ವಿಚಾರಿಸಿಕೊಳ್ಳುತ್ತಿದ್ದಳು. ಹಟ್ಟಿಯ ಆಚೆ, ಕಾವಲಿನ ಹುಲ್ಲುಬಯಲಿನ ಅಂಚಿನಲ್ಲಿ, ದೇವರ ಎತ್ತುಗಳ ಹಿಂಡು ಇತ್ತು. ಹೆಸರಿಗೆ ಎತ್ತು ಎಂದರೂ ಅದರಲ್ಲಿ ಹಸು, ಕರು, ಹೋರಿ ಎಲ್ಲವೂ ಉಂಟು. ಅವನ್ನು ಮಾರುವಂತಿಲ್ಲ, ನೇಗಿಲಿಗೆ ಹೂಡುವಂತಿಲ್ಲ, ಅವುಗಳ ಹಾಲು ಮನೆಗೆ ತರುವಂತಿಲ್ಲ. ಸತ್ತರೆ ಮನುಷ್ಯರಂತೆ ಮಣ್ಣು ಮಾಡುತ್ತಾರೆ. ಹಿಂಡನ್ನು ಕಾಯುವ ಕಿಲಾರಿ ಪಾಪಯ್ಯ ಬರಿಗಾಲಲ್ಲಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ದನಗಳ ಜೊತೆಯಲ್ಲೇ ಬದುಕುತ್ತಿದ್ದ. ಮನೆಗಳಲ್ಲಿ ಕಷ್ಟ ಬಂದಾಗ ಜನ ಹರಕೆ ಹೊತ್ತು ಕರುವನ್ನು ಆ ಹಿಂಡಿಗೆ ಬಿಡುತ್ತಿದ್ದರು. ಬಿಟ್ಟರೆ ಮುಗಿಯಿತು, ಅದು ಮತ್ತೆ ಮನೆಯದಲ್ಲ.

ನಮ್ಮ ಕೊಟ್ಟಿಗೆಯಲ್ಲಿದ್ದದ್ದು ಒಂದೇ ಹಸು, ಕೆಂಪಿ. ಅದು ಅವ್ವನದು. ಮೊಳಕಾಲ್ಮೂರಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಊರು ಅವಳ ತವರು. ಮದುವೆಯಲ್ಲಿ ಚಿನ್ನ ಹಾಕಲಾಗದ ಅವಳ ತಂದೆ ಒಂದು ಕಡಸನ್ನು ಹಿಡಿದುಕೊಂಡು ಅಷ್ಟು ದೂರ ನಡೆದೇ ಬಂದಿದ್ದನಂತೆ. ಆ ಕಡಸೇ ಕೆಂಪಿ. ಅವ್ವ ಅದರೊಂದಿಗೆ ತೆಲುಗಿನಲ್ಲಿ ಮಾತಾಡುತ್ತಿದ್ದಳು, ನಮ್ಮೊಂದಿಗೆ ಕನ್ನಡದಲ್ಲಿ. ಸಿಟ್ಟು ಬಂದಾಗ ಮಾತ್ರ ನಮಗೂ ತೆಲುಗೇ. ಆ ವರ್ಷ ಕೆಂಪಿಗೆ ವಯಸ್ಸಾಗಿತ್ತು. ಹೊಟ್ಟೆಯಲ್ಲಿರುವುದೇ ಕೊನೆಯದು ಎಂದು ಎಲ್ಲರೂ ಹೇಳುತ್ತಿದ್ದರು. ಅದು ಹೆಣ್ಣಾದರೆ ತವರಿನ ತಳಿ ಉಳಿಯಿತು, ಗಂಡಾದರೆ ಇಲ್ಲಿಗೆ ಮುಗಿಯಿತು. ಅವ್ವ ದಿನಾ ಅದರ ಹೊಟ್ಟೆ ಸವರಿ ಏನೋ ಕೇಳಿಕೊಳ್ಳುತ್ತಿದ್ದಳು.

ಆಗ ನನಗೆ ಜ್ವರ ಬಂತು. ಬಂದದ್ದು ಇಳಿಯಲಿಲ್ಲ. ಚಳ್ಳಕೆರೆಯ ಡಾಕ್ಟರು ಸೂಜಿ ಚುಚ್ಚಿ ಕಳಿಸಿದರು, ಅವ್ವ ಹಗಲೂ ರಾತ್ರಿ ಹಣೆಗೆ ಒದ್ದೆ ಬಟ್ಟೆ ಹಾಕಿದಳು, ನಾನು ನಡುಮನೆಯ ಕಂಬಳಿಯ ಮೇಲೆ ಗೋಡೆ ಕಡೆ ಮುಖ ಮಾಡಿ ಬಿದ್ದಿದ್ದೆ. ಒಂದು ಮಧ್ಯಾಹ್ನ ಅವ್ವ ಬಟ್ಟೆ ಒಗೆಯಲು ಬಾವಿಗೆ ಹೋಗಿದ್ದಾಗ ನನ್ನ ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡವಂತೆ. ಮನೆಯಲ್ಲಿ ಅಜ್ಜಿ ಒಬ್ಬಳೇ. ಅವಳು ಹೊಸಿಲ ಮೇಲೆ ನಿಂತು, ಹಿಂಡಿನ ಕಡೆ ಕೈ ಎತ್ತಿ ಕೂಗಿದ್ದನ್ನು ಅರೆ ಎಚ್ಚರದಲ್ಲಿ ನಾನೂ ಕೇಳಿದೆ, ಎದುರುಮನೆಯ ತಿಪ್ಪಕ್ಕನೂ ಕೇಳಿದಳು.

“ಸ್ವಾಮೀ, ನನ್ ಮೊಮ್ಮಗಳು ಎದ್ದು ಕುಂತ್ರೆ ಸಾಕು. ಕೆಂಪಿ ಹೊಟ್ಟೇಲಿರೋದು ನಿಂದು!”

ಇಲ್ಲಿ ಅಜ್ಜಿ ಒಂದು ತಪ್ಪು ಮಾಡಿದಳು. ನಮ್ಮ ಹಟ್ಟಿಯ ಹೆಂಗಸರು ಹರಕೆಯ ಮಾತನ್ನು ಚಿಕ್ಕಂದಿನಲ್ಲೇ ಕಲಿಯುತ್ತಾರೆ. ಹೊಟ್ಟೆಯಲ್ಲಿರುವ ಕರುವನ್ನು ದೇವರಿಗೆ ಹೇಳುವಾಗ ‘ಗಂಡಾದರೆ’ ಎಂದು ಸೇರಿಸಲೇಬೇಕು. ಗಂಡಾದರೆ ಹಿಂಡಿಗೆ, ಹೆಣ್ಣಾದರೆ ಮನೆಗೆ. ದೇವರಿಗೂ ಇದು ಗೊತ್ತು, ಅವನೂ ಬೇಸರ ಮಾಡಿಕೊಳ್ಳುವುದಿಲ್ಲ. ಎಷ್ಟೋ ಹರಕೆಗಳನ್ನು ಅಚ್ಚುಕಟ್ಟಾಗಿ ಹೊತ್ತಿದ್ದ ಅಜ್ಜಿ ಆ ದಿನ ಗಾಬರಿಯಲ್ಲಿ ಆ ಒಂದು ಮಾತನ್ನು ನುಂಗಿಬಿಟ್ಟಳು.

ನಾನು ಎದ್ದು ಕುಂತೆ. ಅಪ್ಪ ಸೂಜಿಗೆ ವ್ಯಾಲ್ಯೂ ಇದೆ ಎಂದ. ಅಜ್ಜಿ ದೇವರ ಕಡೆ ಕೈ ತೋರಿಸಿದಳು. ನಿದ್ದೆಗೆಟ್ಟು ಸುಣ್ಣದಂತಾಗಿದ್ದ ಅವ್ವನ ಕಡೆ ಯಾರೂ ನೋಡಲಿಲ್ಲ. ಸ್ವಲ್ಪ ದಿನಕ್ಕೆ ಕೆಂಪಿ ಕರು ಹಾಕಿತು. ಕೊಟ್ಟಿಗೆಯಿಂದ ಅಪ್ಪ “ಹೆಣ್ಣು!” ಎಂದು ಕೂಗಿದ್ದೇ ತಡ, ಅವ್ವ ಕುಣಿಯುವುದೊಂದು ಬಾಕಿ. ಅಜ್ಜಿ ಮಾತ್ರ ಕಂಬಕ್ಕೆ ಒರಗಿ ಹಾಗೇ ಕುಸಿದಳು. ಹರಕೆಯ ವಿಷಯ ಅವ್ವನಿಗೆ ಪೂರ್ತಿಯಾಗಿ ತಿಳಿದದ್ದು ಆಗಲೇ. ಅವ್ವ ತೆಲುಗಿಗೆ ಹೊರಳಿದಳು.

“ನನ್ನೆವರು ಅಡಿಗಿನಾರು?”

ನನ್ನನ್ನು ಯಾರು ಕೇಳಿದರು ಎಂದು ಅದರ ಅರ್ಥ. ಅಲ್ಲಿಂದ ಮುಂದೆ ಕರು ಹುಲ್ಲು ಕಚ್ಚುವಷ್ಟು ದೊಡ್ಡದಾಗುವವರೆಗೆ ನಮ್ಮ ಮನೆಯಲ್ಲಿ ಸಮಾಧಾನವೆನ್ನುವುದು ಇರಲಿಲ್ಲ. ಮುದ್ದೆ ಕಟ್ಟುವಾಗ ಜಗಳ, ಹಾಲು ಕರೆಯುವಾಗ ಜಗಳ, ಅಪ್ಪ ಬಸ್ಸಿಳಿದು ಬರುವುದು ಕಂಡರೆ ಇಬ್ಬರೂ ಬಾಗಿಲಿಗೇ ಹೋಗಿ ಜಗಳ. ಅಜ್ಜಿಯದು ಒಂದೇ ಹಟ, ಗಂಡು ಅಂತ ನಾನು ಹೇಳಲಿಲ್ಲ, ಹೇಳದ್ದನ್ನು ಹೇಳಿದೆ ಅನ್ನಲಾ? ಅವ್ವನದು ಒಂದೇ ಹಟ, ನಿಮ್ಮದಲ್ಲದ್ದನ್ನು ನೀವು ಹೇಗೆ ಕೊಟ್ಟಿರಿ? ಅವ್ವ ಸಾಲದ್ದಕ್ಕೆ ಕರುವಿಗೆ ಮಲ್ಲಿ ಎಂದು ಹೆಸರಿಟ್ಟು ಕೊರಳಿಗೆ ಗೆಜ್ಜೆ ಕಟ್ಟಿದಳು. ಹಿಂಡಿಗೆ ಹೋಗುವ ಕರುವಿಗೆ ಮನೆಯಲ್ಲಿ ಹೆಸರಿಡುವುದಿಲ್ಲ. ಅಜ್ಜಿ ಅದನ್ನು ‘ಅದು’ ಎಂದೇ ಕರೆದಳು. ಅಪ್ಪ ಅತ್ತ ದರಿ ಇತ್ತ ಪುಲಿ ಎಂಬಂತಾಗಿ ಟವೆಲ್ಲು ಕೊಡವುತ್ತಾ ಕೂತ. ಒಂದು ಸಂಜೆ, ನಾನು ಇಬ್ಬರ ನಡುವೆ ಕೂತು ಉಣ್ಣುತ್ತಿದ್ದಾಗಲೇ, ಅಜ್ಜಿ ತಟ್ಟೆ ಸರಿಸಿ ಕೇಳಿಬಿಟ್ಟಳು.

“ಅಲ್ಲ ಕಣಮ್ಮಿ, ಮಗಳಿಗಿಂತ ಕರುಗೆ ವ್ಯಾಲಿನಾ ನಿಂಗೆ?”

ಅವ್ವನ ಉತ್ತರಕ್ಕಾಗಿ ನಾನು ಬಾಯಲ್ಲಿದ್ದ ತುತ್ತನ್ನು ನುಂಗದೆ ಕಾದೆ. ಇಲ್ಲ ಎನ್ನಬಾರದೇ, ಒಂದು ಸಲ ಇಲ್ಲ ಎನ್ನಬಾರದೇ ಎಂದು ಅವಳ ಮುಖವನ್ನೇ ನೋಡಿದೆ. ಅವಳು ಎದ್ದು ಹೋಗಿ ಒಲೆಗೆ ನೀರು ಚಿಮುಕಿಸಿದಳು. ನನಗೆ ಬಹಳ ದುಃಖವಾಯಿತು. ಸೊಸೆಯಾದವಳಿಗೆ ಆ ಪ್ರಶ್ನೆಗೆ ಉತ್ತರವೇ ಇರಲಿಲ್ಲ, ಹೌದೆಂದರೂ ಸೋಲು ಇಲ್ಲವೆಂದರೂ ಸೋಲು ಎಂಬುದು ತಿಳಿಯಲು ನಾನೇ ಒಂದು ಮನೆಗೆ ಸೊಸೆಯಾಗಬೇಕಾಯಿತು. ಆಗ ತಿಳಿದದ್ದು ಇಷ್ಟೇ: ಒಂದು ಕಡೆ ನಾನು, ಇನ್ನೊಂದು ಕಡೆ ಮಲ್ಲಿ. ಮಾರನೆಯ ದಿನದಿಂದ ನಾನು ಮೈಮೇಲೆ ಬಂದವಳ ಹಾಗೆ ಕೆಲಸಕ್ಕೆ ಬಿದ್ದೆ. ಸಗಣಿ ಬಾಚಿದೆ, ನೀರು ಹೊತ್ತೆ, ಕೇಳದೆಯೇ ಪಾತ್ರೆ ತಿಕ್ಕಿದೆ. ಮಲ್ಲಿಯೋ, ಏನೂ ಕೆಲಸ ಮಾಡದೆ, ಬಾಲ ಎತ್ತಿ ಕೊಟ್ಟಿಗೆ ತುಂಬ ನೆಗೆದಾಡಿ, ನೋಡಿದವರಿಂದಲೆಲ್ಲ ಮುದ್ದಿಸಿಕೊಳ್ಳುತ್ತಿತ್ತು. ಅದನ್ನು ಕಂಡರೆ ನನಗೂ ಪ್ರಾಣವೇ, ಅದೇ ದೊಡ್ಡ ಸಂಕಟ.

ಕೊನೆಗೆ ಅಜ್ಜಿಯೇ ಹೇಳಿ ಕಳಿಸಿದಳು, ಕಿಲಾರಿ ಪಾಪಯ್ಯ ಬಂದ. ಒಳಗೆ ಬಾರದೆ ಹೊರಗಿನ ಕಲ್ಲಿನ ಮೇಲೆ ಕೂತ. ಬೆಳಗಿನ ಹೊತ್ತು, ಸುತ್ತಲಿನ ನಾಲ್ಕು ಮನೆಯವರೂ ಏನೋ ಕೆಲಸವಿರುವವರಂತೆ ಹೊರಗೆ ಬಂದು ನಿಂತಿದ್ದರು. ಅಪ್ಪ ಕರುವಿನ ಹಗ್ಗ ಬಿಚ್ಚಿ ತಂದು ಅವನ ಮುಂದೆ ಚಾಚಿದ. ಪಾಪಯ್ಯ ಹಗ್ಗ ಮುಟ್ಟಲಿಲ್ಲ.

“ಯಾರ ಆವಿನ ಕರು ಇದು?”

“ನಮ್ಮನೇದೇ ಕಣಜ್ಜ.”

“ಮನೆಗೆ ಬಾಯಿ ಇಲ್ಲ ಕಣಪ್ಪ. ಕೊಡೋರ ಬಾಯಲ್ಲಿ ಬರಬೇಕು. ಯಾರದು?”

ಅಪ್ಪ ತಲೆ ಕೆರೆದುಕೊಂಡ. “ಇವಳ ತವರಿಂದ ಬಂದಿದ್ದು,” ಎಂದ.

“ಹಂಗಾರೆ ಆಯಮ್ಮನ್ನೇ ಕರಿ.”

ಅವ್ವ ಹೊರಗೆ ಬಂದಳು. ಕೈ ತುಂಬ ರಾಗಿ ಹಿಟ್ಟು, ಸೆರಗು ಸರಿಮಾಡಿಕೊಳ್ಳಲೂ ಆಗದೆ ಮೊಣಕೈಯಿಂದ ಒತ್ತಿ ಹಿಡಿದಿದ್ದಳು. ಗಂಡಸರ ಎದುರು ಹೀಗೆ ಅವಳು ನಿಂತದ್ದನ್ನು ನಾನು ಕಂಡಿರಲಿಲ್ಲ. ಪಾಪಯ್ಯ ತಲೆ ಎತ್ತದೆ, ನೆಲ ನೋಡುತ್ತಲೇ ಕೇಳಿದ.

“ಮನಸಾರೆ ಬಿಡ್ತೀಯೇನವ್ವ? ಅರೆಮನಸಲ್ಲಿ ಬಿಟ್ಟಿದ್ದು ಹಿಂಡಲ್ಲಿ ನಿಲ್ಲಲ್ಲ. ಹಗ್ಗ ಹರ್ಕೊಂಡು ಮನೆ ಕಡೀಗೆ ಓಡ್ತದೆ. ಆಮೇಲೆ ಹುಡುಕೋನು ನಾನು.”

ಯಾರೋ ಕಿಸಕ್ಕೆಂದರು. ಅವ್ವ ಕರುವನ್ನು ನೋಡಿದಳು, ನನ್ನನ್ನು ನೋಡಿದಳು. ಹಿಟ್ಟು ಅವಳ ಬೆರಳ ಮೇಲೆ ಒಣಗಿ ಬಿರಿಯುತ್ತಿತ್ತು. ಬಿಡುತ್ತೇನೆ ಎಂದರೆ ನಾನು ಗೆದ್ದೆ ಎಂದುಕೊಂಡು, ಆ ಗೆಲುವೂ ಬೇಡವೆನಿಸಿ, ನಾನು ಕಂಬವನ್ನು ಅಪ್ಪಿಕೊಂಡು ನಿಂತಿದ್ದೆ.

“ಇಲ್ಲ,” ಎಂದಳು ಅವ್ವ. “ಬಿಡಲ್ಲ.”

“ಅಯ್ಯೋ, ಹುಡುಗಿ ಕಣೇ! ದೇವ್ರು ಹುಡುಗೀನ ತಗೊಂಡೋದ್ರೆ?” ಅಜ್ಜಿ ಎದೆ ಬಡಿದುಕೊಂಡಳು.

“ಹುಡುಗಿ ನನ್ ಹೊಟ್ಟೇಲಿ ಹುಟ್ಟಿದ್ದು. ಕರು ನನ್ನಪ್ಪ ನಡ್ಕೊಂಡು ಬಂದು ಕೊಟ್ಟ ಆವಿಂದು. ನೀವೆಲ್ಲ ಸೇರಿ ಅದನ್ನೂ ಇದನ್ನೂ ತೂಗಿದ್ರಿ, ನನ್ನ ಯಾರೂ ಕೇಳ್ಲಿಲ್ಲ. ಇವತ್ತು ಈ ಅಜ್ಜ ಕೇಳ್ಯಾನೆ, ಅದಕ್ಕೆ ಹೇಳ್ತಾ ಇದೀನಿ. ಎರಡೂ ನನ್ನವೇ. ಯಾವುದನ್ನೂ ಬಿಡಲ್ಲ.”

ಪಾಪಯ್ಯ ಎದ್ದು ಕಂಬಳಿ ಕೊಡವಿದ. ದೇವರು ಸಿಟ್ಟಾಗಲ್ವಾ ಎಂದು ಅಜ್ಜಿ ಅವನ ಬೆನ್ನಿಗೆ ಬಿದ್ದಳು.

“ಅದು ನಂಗೆ ಗೊತ್ತಿಲ್ಲ ಕಣವ್ವ, ನಾನು ದನ ಕಾಯೋನು,” ಎಂದ. ಒಂದು ತಂಬಿಗೆ ನೀರು ಕೇಳಿ ಕುಡಿದು ಹೊರಟುಹೋದ.

ಮಲ್ಲಿ ಮನೆಯಲ್ಲೇ ಉಳಿಯಿತು. ಅಜ್ಜಿಯ ಮಟ್ಟಿಗೆ ಮಾತ್ರ ಅದು ಹೋಗಿಬಿಟ್ಟಿತ್ತು. ಕಾಲ ಕೂಡಿ ಬಂದು ಮಲ್ಲಿ ಈದು ಮನೆಯಲ್ಲಿ ಹಾಲು ಮೊಸರು ತುಂಬಿದಾಗ ಅಜ್ಜಿ ಅದರಲ್ಲಿ ಒಂದು ಹನಿಯನ್ನೂ ಮುಟ್ಟಲಿಲ್ಲ. ದೇವರಿಗೆ ಆಡಿದ ಮಾತು, ನಿಮಗೆ ಬೇಡದಿದ್ದರೆ ನನಗೆ ಬೇಕು ಎನ್ನುವಳು. ಮಜ್ಜಿಗೆಯೆಂದರೆ ಪ್ರಾಣ ಬಿಡುತ್ತಿದ್ದ ಮುದುಕಿ ಬೇಸಿಗೆಯಲ್ಲೂ ಹುರುಳಿ ಸಾರಿನಲ್ಲೇ ಊಟ ಮುಗಿಸುತ್ತಿದ್ದಳು. ಅವ್ವನೇನು ಸೋಲುವವಳೇ? ದಿನಾ ಮಜ್ಜಿಗೆಯ ಸೌಟು ಹಿಡಿದು “ಹಾಕ್ಲಾ ಅತ್ತೆ?” ಎಂದು ಕೇಳುವಳು. ಅಜ್ಜಿ ಬೇಡವೆನ್ನುವಳು. ಕೇಳುವುದನ್ನು ಇವಳು ಬಿಡಲಿಲ್ಲ, ಬೇಡವೆನ್ನುವುದನ್ನು ಅವಳು ಬಿಡಲಿಲ್ಲ. ನಾನು ನಡುವೆ ಕೂತು, ಅರ್ಧ ಮುದ್ದೆಯನ್ನು ಅಜ್ಜಿಯ ಕಡೆಯ ಸಾರಿನಲ್ಲಿ, ಅರ್ಧವನ್ನು ಅವ್ವನ ಕಡೆಯ ಮಜ್ಜಿಗೆಯಲ್ಲಿ ಉಂಡು, ಬೇಗ ಎದ್ದುಬಿಡುತ್ತಿದ್ದೆ.

ಇದಕ್ಕಿಂತ ಹೆಚ್ಚಿನದು ಅಜ್ಜಿಯ ಕಣ್ಣು. ತೀರದ ಹರಕೆ ನನ್ನ ತಲೆಯ ಮೇಲಿದೆ ಎಂದು ಅವಳು ನಂಬಿದ್ದಳು. ನಾನು ಒಂದು ಸಲ ಕೆಮ್ಮಿದರೆ ಒಳಗಿಂದ ಓಡಿ ಬರುವಳು. ಹಗಲಲ್ಲಿ ನಾನು ಸುಮ್ಮನೆ ಮಲಗಿದ್ದು ಕಂಡರೆ ಅವಳಿಗೆ ಆ ಮಧ್ಯಾಹ್ನವೇ ಕಣ್ಣ ಮುಂದೆ ಬರುತ್ತಿತ್ತು. “ಏಳು, ಓಡಾಡು, ಆಡು ಹೋಗು,” ಎಂದು ಎಬ್ಬಿಸುವಳು. ಅವಳ ಮುಖದ ಆ ಭಯ ನನಗೆ ನೋಡಲಾಗುತ್ತಿರಲಿಲ್ಲ. ಅವಳು ಹೆದರದಿರಲಿ ಎಂದು ನಾನು ಸದಾ ಕಾಲ ಮೇಲೇ ಇದ್ದೆ. ಸುಸ್ತಾದರೂ ನಿಂತೆ, ಓದುವಾಗಲೂ ಅಂಗಳದಲ್ಲಿ ತಿರುಗುತ್ತಾ ಓದಿದೆ. ಅವ್ವನಿಗೆ ಬೇರೆಯದನ್ನು ತೋರಿಸಬೇಕಿತ್ತು, ಮಲ್ಲಿಯ ಜೊತೆ ನನ್ನನ್ನೂ ಉಳಿಸಿಕೊಂಡದ್ದು ದಂಡವಾಗಲಿಲ್ಲ ಎಂದು. ಹೀಗೆ ಒಬ್ಬಳಿಗಾಗಿ ಓಡಾಡಿ, ಇನ್ನೊಬ್ಬಳಿಗಾಗಿ ದುಡಿದು, ಕೂರುವುದು ಹೇಗೆ ಎಂಬುದನ್ನೇ ಕಲಿಯಲಿಲ್ಲ. ಅವರಿಬ್ಬರಿಗೂ ನನ್ನ ಮೇಲೆ ಪ್ರೀತಿಯಿತ್ತು. ಅದರಲ್ಲಿ ನನಗೆ ಈಗ ಅನುಮಾನವಿಲ್ಲ.

ಅಜ್ಜಿ ಹೋದದ್ದು ನಾನು ಚಳ್ಳಕೆರೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ. ಕೊನೆಯುಸಿರಲ್ಲಿದ್ದಾಳೆಂಬ ಸುದ್ದಿ ತಿಳಿದು ಮನೆಗೆ ಬಂದೆ. ನಡು ಮಧ್ಯಾಹ್ನ, ನಡುಮನೆಯ ತುಂಬ ಜನ. ಎರಡು ದಿನದಿಂದ ಅಜ್ಜಿ ಏನನ್ನೂ ನುಂಗಿರಲಿಲ್ಲ, ಕಣ್ಣು ಮುಚ್ಚಿತ್ತು, ಉಸಿರು ಮಾತ್ರ ಇತ್ತು. ಬಾಯಿಗೆ ಹಾಲು ಬಿಡಿ, ಹೊತ್ತಾಯಿತು ಎಂದರು ಹಿರಿಯರು. ಒಲೆಯ ಮೇಲೆ ಬೆಳಿಗ್ಗೆ ಕರೆದ ಮಲ್ಲಿಯ ಹಾಲು ಕೆನೆ ಕಟ್ಟಿ ನಿಂತಿತ್ತು. ಅಪ್ಪ ಅಳುತ್ತಾ ಅದರಲ್ಲಿ ಚಮಚ ಅದ್ದಿದ. ಆಗ ಅವ್ವ ಅವನ ಕೈ ಹಿಡಿದಳು.

“ತಡೀರಿ. ಅದಲ್ಲ.”

ಒಂದು ಲೋಟ ತೆಗೆದುಕೊಂಡು, ಸೆರಗನ್ನೂ ತಲೆಗೆ ಎಳೆದುಕೊಳ್ಳದೆ, ಬರಿಗಾಲಲ್ಲಿ ಉರಿ ಬಿಸಿಲಿಗೆ ಓಡಿದಳು. ನಾನೂ ಹಿಂದೆ ಹೋದೆ. ಎದುರುಮನೆಯ ತಿಪ್ಪಕ್ಕ ಬಾಗಿಲಲ್ಲೇ ಸಿಕ್ಕಳು.

“ಒಂದಿಷ್ಟು ಹಾಲು ಕೊಡು ತಿಪ್ಪಕ್ಕ.”

“ನಿಮ್ಮನೇಲಿ ಅಂಥಾ ಆವು ನಿಂತೈತೆ, ನನ್ ಆಡಿನ ಹಾಲು ಯಾಕೇ?”

“ಅದು ನಮ್ಮತ್ತೇಗೆ ಆಗಲ್ಲ. ಬೇಗ ಕೊಡು.”

ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಚೆಲ್ಲದಂತೆ, ಓಡಲೂ ಆಗದೆ ನಿಧಾನವಾಗಿ ನಡೆಯಲೂ ಆಗದೆ ವಾಪಸು ಬಂದಳು. ಜನ ದಾರಿ ಬಿಟ್ಟರು. ಅಜ್ಜಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಚಮಚವನ್ನು ತುಟಿಗೆ ತಂದಳು. ತುಟಿ ಬಿಗಿಯಾಗಿ ಮುಚ್ಚಿಕೊಂಡಿತು. ಅಪ್ಪ ಗದ್ದ ಹಿಡಿಯಲು ಬಂದ, ಅವ್ವ ಬೇಡವೆಂದು ತಲೆಯಾಡಿಸಿದಳು. ಬಾಗಿ, ಅಜ್ಜಿಯ ಕಿವಿಗೆ ಬಾಯಿಟ್ಟು ಹೇಳಿದಳು.

“ತಿಪ್ಪಕ್ಕನ ಮನೆ ಆಡಿಂದು, ಅತ್ತೆ. ನಮ್ಮದಲ್ಲ. ಕುಡೀರಿ.”

ಅಜ್ಜಿ ಬಾಯಿ ತೆರೆದಳು.